ಕಾಯದೆ ತಿಂದ ಮಗುವಿಗೆ ಸಂಯಮ ಇಲ್ಲ ಅನ್ನಬಹುದಾ? ಮನಶ್ಶಾಸ್ತ್ರ ತರಗತಿಯ ಮೂರು ಪ್ರಶ್ನೆಗಳು

ಬಿಎ ವಿದ್ಯಾರ್ಥಿನಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಸೋಮವಾರ ನಮ್ಮ ಮನಶ್ಶಾಸ್ತ್ರ ತರಗತಿಯಲ್ಲಿ ಚರ್ಚೆ ಇದೆ. ಮೇಡಂ ಮೂರು ಪ್ರಶ್ನೆ ಕೊಟ್ಟಿದ್ದಾರೆ. ಒಂದು, ಮಾರ್ಷ್‌ಮೆಲೋ ಪ್ರಯೋಗದಲ್ಲಿ ಕಾಯದೆ ತಿಂದ ಮಗುವಿಗೆ ಸಂಯಮ ಕಡಿಮೆ ಎಂದು ಹೇಳಬಹುದೇ? ಎರಡು, ಮನೆಯ ಪರಿಸ್ಥಿತಿಗೂ ಮಗು ಕಾಯುವುದಕ್ಕೂ ಏನು ಸಂಬಂಧ? ಮೂರು, ಶಿಕ್ಷಕರಾದವರು ಇದರಿಂದ ಏನು ಕಲಿಯಬೇಕು?

ಗೊತ್ತಿಲ್ಲದವರಿಗೆ: ಮಾರ್ಷ್‌ಮೆಲೋ ಅಂದರೆ ಹತ್ತಿಯ ಉಂಡೆಯಂಥ ಮೆತ್ತನೆ ಸಿಹಿ. ಅದನ್ನು ಮಗುವಿನ ಮುಂದೆ ಇಟ್ಟು, "ನಾನು ವಾಪಸ್ ಬರೋವರೆಗೂ ತಿನ್ನದೆ ಇದ್ದರೆ ಎರಡು ಕೊಡ್ತೀನಿ" ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಕಾದ ಮಕ್ಕಳು ಮುಂದೆ ಓದಿನಲ್ಲಿ, ಬದುಕಿನಲ್ಲಿ ಚೆನ್ನಾಗಿ ಬಂದರು ಎಂದು ನಮ್ಮ ನೋಟ್ಸ್‌ನಲ್ಲಿದೆ.

ಇದನ್ನು ಓದಿದಾಗಿನಿಂದ ನನಗೆ ಒಂಥರಾ ಬೇಜಾರು. ನಮ್ಮ ಮನೆಯಲ್ಲಿ ನಾವು ನಾಲ್ಕು ಜನ ಮಕ್ಕಳು. ಚಿಕ್ಕಪ್ಪನ ಮಕ್ಕಳು ಬೇರೆ. ಆಮೇಲೆ ತಿನ್ನೋಣ ಅಂತ ಮಂಡಕ್ಕಿ ಉಂಡೆಯನ್ನು ಗೂಡಿನಲ್ಲಿ ಇಟ್ಟರೆ ಸಂಜೆಗೆ ಅದು ಇರುತ್ತಿರಲಿಲ್ಲ. ಸಿಕ್ಕಾಗ ತಿನ್ನುವುದನ್ನೇ ನಾನು ಕಲಿತೆ. ನನ್ನನ್ನು ಆ ಕೋಣೆಯಲ್ಲಿ ಕೂರಿಸಿದ್ದರೆ ಖಂಡಿತ ತಿಂದುಬಿಡುತ್ತಿದ್ದೆ. ಹಾಗಾದರೆ ನನಗೆ ಸಂಯಮ ಇಲ್ಲ ಅಂತಾನಾ? ನಿಮ್ಮ ಅನುಭವ ಹೇಳಿ, ದಯವಿಟ್ಟು.

ನಿವೃತ್ತ ಉಪನ್ಯಾಸಕ, ಮೈಸೂರು:

ಮಗಳೇ, ನಿನ್ನ ಪ್ರಶ್ನೆ ನೋಟ್ಸ್‌ಗಿಂತ ಚೆನ್ನಾಗಿದೆ. ಮೊದಲು ಪ್ರಯೋಗದಲ್ಲಿ ನಿಜಕ್ಕೂ ಏನಾಯಿತು ಅಂತ ಹೇಳುತ್ತೇನೆ. ಪಾಠ ಮಾಡುವ ನಾವೇ ಅದನ್ನು ಅರ್ಧ ಹೇಳಿ ಬಿಟ್ಟಿದ್ದೇವೆ.

ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಇದನ್ನು ಶುರು ಮಾಡಿದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಜೊತೆ ನಂಟಿದ್ದ ಮನೆಗಳ ಮಕ್ಕಳು. ಹೊಟ್ಟೆಗೆ ಬಟ್ಟೆಗೆ ಕೊರತೆ ಇಲ್ಲದವರು. ಮಗುವಿನ ಮುಂದೆ ಒಂದು ಗಂಟೆ ಕೂಡ ಇರುತ್ತಿತ್ತು. ಕಾಯಲು ಆಗದಿದ್ದರೆ ಅದನ್ನು ಬಾರಿಸಬಹುದು. ಆಗ ದೊಡ್ಡವರು ಬರುತ್ತಾರೆ, ಒಂದೇ ಸಿಗುತ್ತದೆ.

1970ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದ್ದದ್ದು 32 ಮಕ್ಕಳು. ತಿಂಡಿ ಕಣ್ಣೆದುರಿಗೆ ಇದ್ದಾಗ ಅವರು ಸರಾಸರಿ ಕಾದದ್ದು ಒಂದೇ ನಿಮಿಷ. ತಿಂಡಿ ಕಣ್ಣಿಗೆ ಬೀಳದಂತೆ ಇಟ್ಟಾಗ 11 ನಿಮಿಷ ದಾಟಿತು. ಹಾಗಾದರೆ ಕಣ್ಣೆದುರು ಇಟ್ಟ ಗುಂಪಿನ ಮಕ್ಕಳೆಲ್ಲ ಸಂಯಮ ಇಲ್ಲದವರೇ? ಇನ್ನೊಂದು ಗುಂಪಿನವರೆಲ್ಲ ತಾಳ್ಮೆಯ ಮೂರ್ತಿಗಳೇ? ತಟ್ಟೆಯನ್ನು ಎಲ್ಲಿ ಇಟ್ಟರು ಅನ್ನುವುದೇ ಇಷ್ಟು ವ್ಯತ್ಯಾಸ ಮಾಡಿತು. ಎರಡು ವರ್ಷದ ನಂತರದ ಪ್ರಯೋಗಗಳಲ್ಲಿ, ಖುಷಿಯಾದ ಬೇರೆ ಏನನ್ನಾದರೂ ಯೋಚಿಸು ಎಂದು ಹೇಳಿಕೊಟ್ಟ ಮಕ್ಕಳು ತಿಂಡಿ ಎದುರಿಗಿದ್ದರೂ ಹೆಚ್ಚು ಹೊತ್ತು ಕಾದರು. ಮಿಶೆಲ್ ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಇದೇ: ಮಗು ಹೇಗೆ ಕಾಯುತ್ತದೆ, ಮನಸ್ಸನ್ನು ಬೇರೆ ಕಡೆ ಹೇಗೆ ತಿರುಗಿಸಿಕೊಳ್ಳುತ್ತದೆ.

ಮುಂದೆ, ಆ ನರ್ಸರಿಯಲ್ಲಿ ನಡೆದ ಇಂಥ ಹಲವು ಪ್ರಯೋಗಗಳಲ್ಲಿ ಇದ್ದ ಮಕ್ಕಳು ದೊಡ್ಡವರಾದ ಮೇಲೆ ಅವರ ಪರೀಕ್ಷೆಯ ಅಂಕ ನೋಡಿದರು. 1990ರ ವರದಿ ಅದು. ಅಂಕ ಸಿಕ್ಕಿದ್ದು ನೂರಕ್ಕಿಂತ ಕಡಿಮೆ ಮಕ್ಕಳದ್ದು. ಅಷ್ಟರ ಮೇಲೆ ಜಗತ್ತೆಲ್ಲ ಮಾತು ಹಬ್ಬಿತು, ಕಾಯುವ ಮಗು ಗೆಲ್ಲುತ್ತದೆ ಅಂತ.

ಇಬ್ಬರು ಮಕ್ಕಳ ಅಪ್ಪ, ಬೆಂಗಳೂರು:

ಸರ್, ನೀವು ಹೇಳಿದ್ದು ಸರಿ. ಆದರೂ ಈಗಿನ ಮಕ್ಕಳಿಗೆ ಕಾಯೋದು ಕಲಿಸಲೇಬೇಕು ಅನ್ನೋದು ನನ್ನ ಅನಿಸಿಕೆ. ನನ್ನ ಮಗನಿಗೆ ಮೊಬೈಲ್‌ನಲ್ಲಿ ವಿಡಿಯೋ ತೆರೆಯೋದು ಮೂರು ಸೆಕೆಂಡ್ ತಡವಾದರೆ ಅಳು. ಎಲ್ಲದಕ್ಕೂ ಪರಿಸ್ಥಿತಿ ಕಾರಣ ಅಂದರೆ ಮಗು ತಾನೇ ಏನು ಕಲಿಯುತ್ತೆ?

ಅಂಗನವಾಡಿ ಕಾರ್ಯಕರ್ತೆ, ರಾಯಚೂರು ಜಿಲ್ಲೆ:

ನಾನು ಮನಶ್ಶಾಸ್ತ್ರ ಓದಿದವಳಲ್ಲ. ಆದರೆ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಹದಿನಾಲ್ಕು ವರ್ಷದಿಂದ ಇದ್ದೇನೆ. ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ನಮ್ಮಲ್ಲಿ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡುವ ದಿನ ಅಂತ ಇರುತ್ತದೆ. ಮಕ್ಕಳಿಗೆ ಆ ದಿನ ಗೊತ್ತು. ತಾರೀಖು ಗೊತ್ತಿಲ್ಲದ ಮಕ್ಕಳಿಗೂ ಮೊಟ್ಟೆಯ ದಿನ ಗೊತ್ತು. ಅವರು ತಿನ್ನುವ ರೀತಿ ನೋಡಬೇಕು ನೀವು. ಸಿಪ್ಪೆಯನ್ನು ಚೂರು ಚೂರಾಗಿ ಬಿಡಿಸುತ್ತಾರೆ. ಮೊದಲು ಬಿಳಿಯದನ್ನು ಸುತ್ತಲೂ ಕಚ್ಚಿ ಕಚ್ಚಿ ಮುಗಿಸುತ್ತಾರೆ. ಹಳದಿ ಉಂಡೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಒಬ್ಬರಿಗೊಬ್ಬರು ತೋರಿಸುತ್ತಾರೆ. ನಿನ್ನದು ದೊಡ್ಡದಾ, ನನ್ನದು ದೊಡ್ಡದಾ ಅಂತ. ಕೊನೆಗೆ ಅದನ್ನು ಬಾಯಿಗೆ ಹಾಕಿಕೊಳ್ಳುವುದು.

ಹೋದ ವರ್ಷ ಒಂದು ಸಲ ಮೊಟ್ಟೆ ಬರಲಿಲ್ಲ. ಮಕ್ಕಳ ಮುಖ ನೋಡಲಾಗದೆ, "ನಾಳೆ ಎರಡೆರಡು ಕೊಡ್ತೀನಿ" ಅಂದೆ. ಮರುದಿನವೂ ಬರಲಿಲ್ಲ. ಅದರ ಮಾರನೆ ದಿನವೂ ಇಲ್ಲ. ಕೊನೆಗೆ ಬಂದಾಗ ಒಬ್ಬರಿಗೆ ಒಂದೇ.

ಆ ದಿನ ಯಾರೂ ಹಳದಿಯನ್ನು ಕೊನೆಗೆ ಇಡಲಿಲ್ಲ. ಕೈಗೆ ಬಂದ ತಕ್ಷಣ ಇಡೀ ಮೊಟ್ಟೆ ಬಾಯೊಳಗೆ. ಒಬ್ಬ ಹುಡುಗ ಸಿಪ್ಪೆಯ ಚೂರು ಸಮೇತ ತುರುಕಿಕೊಂಡ. ಒಬ್ಬಳಿಗೆ ಗಂಟಲಿಗೆ ಸಿಕ್ಕಿ, ಬೆನ್ನು ತಟ್ಟಿ ನೀರು ಕುಡಿಸಿದೆ. ಹೀಗೆ ತಿನ್ನಿ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ವಾರ ತಾಳ್ಮೆಯಿಂದ ಕೂತಿದ್ದ ಅದೇ ಮಕ್ಕಳು. ಒಂದು ವಾರದಲ್ಲಿ ಅವರ ಸಂಯಮ ಎಲ್ಲಿ ಹೋಯಿತು? ಅವರಲ್ಲಿ ಏನೂ ಕಡಿಮೆ ಆಗಲಿಲ್ಲ. ಕಡಿಮೆ ಆದದ್ದು ನನ್ನ ಮಾತಿನ ಮೇಲಿನ ನಂಬಿಕೆ.

ಸಂಶೋಧನಾ ವಿದ್ಯಾರ್ಥಿ, ಧಾರವಾಡ:

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಅಂಗನವಾಡಿಯಲ್ಲಿ ಆದದ್ದನ್ನೇ ಪ್ರಯೋಗವಾಗಿ ಮಾಡಿದವರಿದ್ದಾರೆ.

ಸೆಲೆಸ್ಟ್ ಕಿಡ್ ಎಂಬ ಸಂಶೋಧಕಿ ಹಿಂದೆ ಮನೆ ಇಲ್ಲದ ಕುಟುಂಬಗಳ ಆಶ್ರಯ ಕೇಂದ್ರದಲ್ಲಿ ಸ್ವಯಂಸೇವೆ ಮಾಡಿದ್ದರು. ಅಲ್ಲಿ ಮಗುವಿನ ಕೈಯಲ್ಲಿದ್ದ ವಸ್ತುವನ್ನು ಇನ್ನೊಬ್ಬರು ಯಾವಾಗ ಬೇಕಾದರೂ ಕಸಿಯಬಹುದು. ಅಂಥ ಮಕ್ಕಳ ಮುಂದೆ ಮಾರ್ಷ್‌ಮೆಲೋ ಇಟ್ಟರೆ ತಕ್ಷಣ ತಿಂದುಬಿಡುತ್ತವೆ, ಅದೇ ಜಾಣತನ ಅಂತ ಅವರಿಗೆ ಅನಿಸಿತು. ಆಮೇಲೆ ಅಮೆರಿಕದ ರಾಚೆಸ್ಟರ್‌ನಲ್ಲಿ ಅವರು ಮತ್ತು ಅವರ ಜೊತೆಗಾರರು ಮೂರರಿಂದ ಐದು ವರ್ಷದ 28 ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. 2013ರಲ್ಲಿ ಅದು ಅಚ್ಚಾಯಿತು.

ಮೊದಲು ಚಿತ್ರ ಬಿಡಿಸುವ ಆಟ. ಮಗುವಿಗೆ ಸವೆದ ಹಳೆಯ ಬಣ್ಣದ ಕಡ್ಡಿ ಕೊಟ್ಟು, "ಸ್ವಲ್ಪ ತಾಳು, ಚೆನ್ನಾಗಿರೋದು ತರ್ತೀನಿ" ಎಂದು ಹೇಳಿ ಹೋಗುತ್ತಾರೆ. ಅರ್ಧ ಮಕ್ಕಳಿಗೆ ನಿಜಕ್ಕೂ ತಂದುಕೊಟ್ಟರು. ಇನ್ನರ್ಧಕ್ಕೆ, "ಕ್ಷಮಿಸು, ನಮ್ಮ ಹತ್ತಿರ ಇಲ್ಲ" ಅಂದರು. ಸ್ಟಿಕರ್ ವಿಷಯದಲ್ಲೂ ಇನ್ನೊಮ್ಮೆ ಹೀಗೇ ಮಾಡಿದರು. ಆಮೇಲೆ ಮಾರ್ಷ್‌ಮೆಲೋ ಇಟ್ಟರು.

ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನಲ್ಲಿ 14ರಲ್ಲಿ 9 ಮಕ್ಕಳು, ಎರಡನೇ ಗುಂಪಿನಲ್ಲಿ 14ರಲ್ಲಿ ಒಂದೇ ಮಗು. ಮಕ್ಕಳನ್ನು ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ, ಯಾರನ್ನೂ ಆರಿಸಿ ಕೂರಿಸಿರಲಿಲ್ಲ. ಚಿಕ್ಕ ಪ್ರಯೋಗ, ಒಪ್ಪುತ್ತೇನೆ. ಆದರೆ ಕೆಲವೇ ನಿಮಿಷದ ಅನುಭವ ಇಷ್ಟು ಬದಲಾವಣೆ ತಂದರೆ, ಐದು ವರ್ಷ ಅದೇ ಅನುಭವದಲ್ಲಿ ಬೆಳೆದ ಮಗುವಿನ ಬಗ್ಗೆ ಯೋಚಿಸಿ.

ನಿವೃತ್ತ ಉಪನ್ಯಾಸಕ, ಮೈಸೂರು:

ಇದು ಮಿಶೆಲ್ ಅವರಿಗೂ ಗೊತ್ತಿಲ್ಲದ್ದೇನಲ್ಲ. ಸ್ಟ್ಯಾನ್‌ಫರ್ಡ್‌ಗೆ ಮೊದಲೇ ಅವರು ಟ್ರಿನಿಡಾಡ್ ದ್ವೀಪದಲ್ಲಿ ಕೆಲಸ ಮಾಡಿದ್ದರು. ಅಲ್ಲಿ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದ ಭಾರತೀಯರ ಮೊಮ್ಮಕ್ಕಳು, ಆಫ್ರಿಕಾ ಮೂಲದವರ ಮಕ್ಕಳು ಇಬ್ಬರೂ ಇದ್ದರು. ಏಳರಿಂದ ಒಂಬತ್ತು ವರ್ಷದವರು. ಈಗ ಒಂದು ಸೆಂಟಿನ ಮಿಠಾಯಿ ಬೇಕಾ, ಮುಂದಿನ ವಾರ ಹತ್ತು ಸೆಂಟಿನದು ಬೇಕಾ ಅಂತ ಕೇಳಿದರು. ಅಪ್ಪ ಮನೆಯಲ್ಲಿ ಇಲ್ಲದ ಮಕ್ಕಳು ಈಗಲೇ ಕೊಡಿ ಅನ್ನುವುದು ಜಾಸ್ತಿ ಇತ್ತು. ಮುಂದಿನ ವಾರ ಈ ಮನುಷ್ಯ ವಾಪಸ್ ಬರುತ್ತಾನೆ ಎಂದು ಮಗು ನಂಬಬೇಕಲ್ಲ, ಆ ಮಾತನ್ನು ಮಿಶೆಲ್ 1958ರ ಲೇಖನದಲ್ಲೇ ಎತ್ತಿದ್ದರು. ಆಮೇಲೆ ಪ್ರಸಿದ್ಧಿಗೆ ಬಂದ ಕಥೆಯಲ್ಲಿ ಇದು ಮರೆಯಾಯಿತು. ಪಾಠ ಮಾಡುವಾಗ ನಾನೂ ಇದನ್ನು ಹೇಳದೆ ಎಷ್ಟೋ ವರ್ಷ ಕಳೆದಿದ್ದೇನೆ. ಅದಕ್ಕೆ ನನಗೆ ವಿಷಾದವಿದೆ.

ಕಬ್ಬು ಬೆಳೆಗಾರರ ಮಗ, ಮಂಡ್ಯ:

ನಿಮ್ಮ ಎರಡನೇ ಪ್ರಶ್ನೆಗೆ ನಮ್ಮಪ್ಪನ ಕಥೆಯೇ ಉತ್ತರ ತಂಗಿ.

ಕಾರ್ಖಾನೆಗೆ ಕಬ್ಬು ಕೊಟ್ಟರೆ ಟನ್ನಿಗೆ ರೇಟು ಜಾಸ್ತಿ. ಆದರೆ ದುಡ್ಡು ಯಾವಾಗ ಬರುತ್ತೆ ಅಂತ ದೇವರಿಗೇ ಗೊತ್ತು. ಒಂದು ವರ್ಷ ನಾವು ಕಬ್ಬು ಸಾಗಿಸಿದ ಎಂಟು ತಿಂಗಳ ಮೇಲೆ ದುಡ್ಡು ಬಂತು. ನನಗೆ ಸೈಕಲ್ ಕೊಡಿಸುತ್ತೇನೆ ಅಂತ ಅಪ್ಪ ಹೇಳಿದ್ದರು. ಆ ಎಂಟು ತಿಂಗಳೂ ನಾನು ಅಂಗಡಿ ಮುಂದೆ ನಿಂತು ಅದೇ ನೀಲಿ ಸೈಕಲ್ ನೋಡಿ ಬರುತ್ತಿದ್ದೆ. ದುಡ್ಡು ಬಂದಾಗ ಅದು ಬಡ್ಡಿಗೆ ಹೋಯಿತು.

ಮುಂದಿನ ವರ್ಷ ಅಪ್ಪ ಕಬ್ಬನ್ನು ಪಕ್ಕದ ಆಲೆಮನೆಗೆ ಹಾಕಿದರು. ರೇಟು ಕಡಿಮೆ, ಆದರೆ ದುಡ್ಡು ಅವತ್ತೇ ಕೈಗೆ. ಸಂಬಂಧಿಕರು ಬಾಯಿಗೆ ಬಂದಂತೆ ಅಂದರು, ಇವನಿಗೆ ತಾಳ್ಮೆ ಇಲ್ಲ, ಬರೋ ಲಕ್ಷ್ಮಿಯನ್ನು ಒದ್ದ ಅಂತ. ಈ ಪ್ರಯೋಗದ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾದದ್ದು ಅಪ್ಪ. ಅವರೂ ಮೇಜಿನ ಮೇಲಿನ ಒಂದನ್ನು ತೆಗೆದುಕೊಂಡರು. ಎರಡನೆಯದು ಬರುತ್ತೆ ಅನ್ನೋ ಭರವಸೆ ಅವರಿಗೆ ಇರಲಿಲ್ಲ.

ಸಂಶೋಧನಾ ವಿದ್ಯಾರ್ಥಿ, ಧಾರವಾಡ:

ಅಣ್ಣಾ, ಕಬ್ಬು ಬೆಳೆಯುವವರ ಮೇಲೆಯೇ ಒಂದು ಅಧ್ಯಯನ ಇದೆ. ತಮಿಳುನಾಡಿನ 464 ರೈತರು. ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಅವರಿಗೆ ಬುದ್ಧಿ ಪರೀಕ್ಷೆಯ ಒಗಟು ಕೊಟ್ಟರು. ಅದೇ ಮನುಷ್ಯ ಕಟಾವಿನ ಮುಂಚೆ ತಪ್ಪು ಜಾಸ್ತಿ ಮಾಡಿದ, ಆಮೇಲೆ ಚೆನ್ನಾಗಿ ಮಾಡಿದ. 2013ರಲ್ಲಿ ಪ್ರಕಟವಾಯಿತು. ತಲೆಯಲ್ಲಿ ಸಾಲದ ಲೆಕ್ಕ ಓಡುತ್ತಿದ್ದರೆ ಬೇರೆ ಯೋಚನೆಗೆ ಜಾಗ ಎಲ್ಲಿ? ಬಡತನ ಅಂದರೆ ದಡ್ಡತನ ಅಂತ ಮಾತಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇಬ್ಬರು ಮಕ್ಕಳ ಅಪ್ಪ, ಬೆಂಗಳೂರು:

ಎಲ್ಲರ ಮಾತೂ ಓದಿದೆ. ಮಂಡ್ಯದ ಅಣ್ಣ ಬರೆದದ್ದು ಮನಸ್ಸಿಗೆ ನಾಟಿತು. ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಸಂಯಮ ಅನ್ನೋದು ಇಲ್ಲವೇ ಇಲ್ಲವಾ? ಅದಕ್ಕೆ ಬೆಲೆ ಇಲ್ಲವಾ?

ಸಂಶೋಧನಾ ವಿದ್ಯಾರ್ಥಿ, ಧಾರವಾಡ:

ಇದೆ ಸರ್, ಖಂಡಿತ ಬೆಲೆ ಇದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿದ್ದಾರೆ. ಚಿಕ್ಕಂದಿನಲ್ಲಿ ತಮ್ಮನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಕಲಿತವರ ಆರೋಗ್ಯ, ಹಣಕಾಸು 32ನೇ ವಯಸ್ಸಿನಲ್ಲಿ ಚೆನ್ನಾಗಿತ್ತು. ಮನೆಯ ಸ್ಥಿತಿಗತಿ, ಬುದ್ಧಿಮಟ್ಟ ಲೆಕ್ಕಕ್ಕೆ ಹಿಡಿದರೂ ಆ ಸಂಬಂಧ ಅಳಿಸಿಹೋಗಲಿಲ್ಲ. ಆದರೆ ಅವರು ಅಳೆದದ್ದು ಹೇಗೆ ನೋಡಿ. ಮೂರನೇ ವರ್ಷದಿಂದ ಹನ್ನೊಂದನೇ ವರ್ಷದವರೆಗೆ ಅಪ್ಪ ಅಮ್ಮ, ಮೇಷ್ಟ್ರು, ಹೊರಗಿನವರು ಎಲ್ಲರೂ ಹೇಳಿದ್ದನ್ನು ಕೂಡಿಸಿದರು. ಒಂದು ಮಧ್ಯಾಹ್ನ, ಒಂದು ಮಿಠಾಯಿ, ಹದಿನೈದು ನಿಮಿಷ ನೋಡಿ ತೀರ್ಪು ಕೊಡಲಿಲ್ಲ.

ಮಿಠಾಯಿ ಪ್ರಯೋಗವನ್ನು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಟೈಲರ್ ವಾಟ್ಸ್ ಮತ್ತು ಸಂಗಡಿಗರು 2018ರಲ್ಲಿ ಮತ್ತೆ ನೋಡಿದರು. ಕಾಯುವುದಕ್ಕೂ ಹದಿನೈದನೇ ವರ್ಷದ ಓದಿಗೂ ಇದ್ದ ಸಂಬಂಧ ಹಳೆಯ ವರದಿಯ ಅರ್ಧದಷ್ಟಿತ್ತು. ಮನೆಯ ಹಿನ್ನೆಲೆ, ಮಗುವಿನ ಆರಂಭದ ಕಲಿಕೆ ಇವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದರಲ್ಲೂ ಮೂರನೇ ಎರಡು ಪಾಲು ಕರಗಿತು.

ಗೃಹಿಣಿ, ಶಿರಸಿ ಹತ್ತಿರದ ಹಳ್ಳಿ:

ಕಾಯುವುದನ್ನು ಕಲಿಸುವುದು ಹೇಗೆ ಅಂತ ಬೆಂಗಳೂರಿನ ಅಣ್ಣ ಕೇಳಿದ್ದಾರಲ್ಲ, ನನಗೆ ಚೌತಿ ನೆನಪಾಯಿತು. ಹಬ್ಬಕ್ಕೆ ಎರಡು ಮೂರು ದಿನ ಮುಂಚೆಯೇ ನಮ್ಮ ಮನೆಯಲ್ಲಿ ಚಕ್ಕುಲಿ ಸುತ್ತುತ್ತಾರೆ. ಮನೆ ತುಂಬ ಎಣ್ಣೆ, ಎಳ್ಳಿನ ಘಮ. ಮಕ್ಕಳು ಒಲೆಯ ಸುತ್ತಲೇ ಸುಳಿದಾಡುತ್ತವೆ. ಆದರೆ ನೈವೇದ್ಯ ಆಗುವವರೆಗೆ ಒಂದು ಚೂರೂ ಮುಟ್ಟುವುದಿಲ್ಲ. ನನ್ನ ಮಗಳು ಬೇರೆ ದಿನ ಬಿಸ್ಕತ್ತಿಗೆ ಎರಡು ನಿಮಿಷ ಕಾಯುವುದಿಲ್ಲ. ಚಕ್ಕುಲಿಗೆ ಎರಡು ದಿನ ಕಾಯುತ್ತಾಳೆ. ಯಾಕೆಂದರೆ ಎಲ್ಲರೂ ಕಾಯುತ್ತಾರೆ, ಅಜ್ಜನೂ ಕಾಯುತ್ತಾರೆ. ಮತ್ತೆ ಪೂಜೆ ಮುಗಿದ ಮೇಲೆ ಸಿಗದೆ ಹೋದದ್ದು ಒಂದು ವರ್ಷವೂ ಇಲ್ಲ.

ನಿವೃತ್ತ ಉಪನ್ಯಾಸಕ, ಮೈಸೂರು:

ತಾಯೀ, ತುಂಬ ಒಳ್ಳೆಯ ಉದಾಹರಣೆ. ಜಪಾನಿನ ಕ್ಯೋಟೋದ ಮಕ್ಕಳು ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿದ 2022ರ ಅಧ್ಯಯನ ಇದನ್ನೇ ತೋರಿಸಿತು. ಜಪಾನಿನ ಮಕ್ಕಳು ತಿಂಡಿಗೆ ಹೆಚ್ಚು ಹೊತ್ತು ಕಾದರು, ಅಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಒಟ್ಟಿಗೆ ಊಟ ಶುರು ಮಾಡುವ ರೂಢಿ ಇದೆ. ಕಾಗದ ಸುತ್ತಿದ ಉಡುಗೊರೆಗೆ ಮಾತ್ರ ಅಮೆರಿಕದ ಮಕ್ಕಳೇ ಹೆಚ್ಚು ಕಾದರು. ಹುಟ್ಟುಹಬ್ಬ, ಕ್ರಿಸ್‌ಮಸ್‌ಗಳಲ್ಲಿ ಪೊಟ್ಟಣ ಬಿಚ್ಚದೆ ಕಾಯುವುದು ಅವರಿಗೆ ಅಭ್ಯಾಸ.

ಬಡ ಮಕ್ಕಳು ಕಾಯುವುದಿಲ್ಲ ಅನ್ನುವುದೂ ಸುಳ್ಳು. ಕ್ಯಾಮರೂನ್ ದೇಶದ ಎನ್ಸೊ ರೈತ ಕುಟುಂಬಗಳ ನಾಲ್ಕು ವರ್ಷದ ಮಕ್ಕಳಿಗೆ ಅವರ ಊರಿನದೇ ಕರಿದ ಸಿಹಿ ಇಟ್ಟು ನೋಡಿದಾಗ 100ಕ್ಕೆ ಸುಮಾರು 70 ಮಕ್ಕಳು ಪೂರ್ತಿ ಕಾದರು. ಜರ್ಮನಿಯ ಪಟ್ಟಣದ ಮಕ್ಕಳಲ್ಲಿ 30 ಕೂಡ ಇಲ್ಲ. ಎನ್ಸೊ ಮಕ್ಕಳಲ್ಲಿ ಕೆಲವರು ಕಾಯುತ್ತಾ ಕೂತಲ್ಲೇ ನಿದ್ದೆ ಹೋದರು.

ಪ್ರೌಢಶಾಲೆ ಶಿಕ್ಷಕಿ, ಹಾಸನ ಜಿಲ್ಲೆ:

ಮೂರನೇ ಪ್ರಶ್ನೆಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ನಾವು ಶಿಕ್ಷಕರು ದಿನಕ್ಕೆ ಎಷ್ಟು ಸಲ ಮಾತು ಕೊಡುತ್ತೇವೆ ಅಂತ ಒಂದು ವಾರ ಬರೆದಿಟ್ಟುಕೊಂಡೆ. ನಾಳೆ ಕಥೆ ಹೇಳ್ತೀನಿ, ಈ ಪಾಠ ಮುಗಿದರೆ ಆಟಕ್ಕೆ ಬಿಡ್ತೀನಿ, ಸುಮ್ನಿದ್ರೆ ಲ್ಯಾಬ್ ತೋರಿಸ್ತೀನಿ. ಐದು ದಿನದಲ್ಲಿ ಹತ್ತೊಂಬತ್ತು ಮಾತು. ಉಳಿಸಿಕೊಂಡದ್ದು ಏಳು. ಆ ಪುಟ ನೋಡಿ ನನಗೆ ಅಳು ಬಂತು.

ಆಟದ ಪೀರಿಯಡ್ ವಿಷಯ ಎಲ್ಲರಿಗೂ ಗೊತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದರೆ ಅದು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಸಿಲೆಬಸ್ ಮುಗಿಸಲೇಬೇಕು, ಅದು ನಿಜ. ಆದರೆ ಮಕ್ಕಳು ವಾರವಿಡೀ ಕಾದು, ಶೂ ಬಿಗಿದು ನಿಂತಿರುತ್ತಾರೆ. ನಾವು ಪುಸ್ತಕ ಹಿಡಿದು ಒಳಗೆ ಬರುತ್ತೇವೆ. ಆಮೇಲೆ ಅದೇ ಮಕ್ಕಳಿಗೆ, ಈಗ ಕಷ್ಟಪಟ್ಟು ಓದಿ, ಮುಂದೆ ಒಳ್ಳೆಯದಾಗುತ್ತೆ ಅನ್ನುತ್ತೇವೆ. ಅವರು ಯಾಕೆ ನಂಬಬೇಕು?

ಈಗ ನಾನು ಒಂದು ಕೆಲಸ ಮಾಡುತ್ತೇನೆ. ಮಾತು ಕೊಟ್ಟರೆ ಹಲಗೆಯ ಬಲಮೂಲೆಯಲ್ಲಿ ಬರೆಯುತ್ತೇನೆ. ನಡೆಸಿಕೊಟ್ಟ ಮೇಲೆ ಮಕ್ಕಳೇ ಬಂದು ಅಳಿಸುತ್ತಾರೆ. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹೇಳಿ, ಬೇರೆ ದಿನ ಬರೆಯುತ್ತೇನೆ. ಇದರಿಂದ ಮಾತು ಕೊಡುವುದೇ ಕಡಿಮೆ ಆಯಿತು. ಬರೆಯುವ ಮುಂಚೆ ಕೈ ಒಂದು ಕ್ಷಣ ನಿಲ್ಲುತ್ತದೆ.

ಇಬ್ಬರು ಮಕ್ಕಳ ಅಪ್ಪ, ಬೆಂಗಳೂರು:

ಮೇಡಂ, ನಿಮ್ಮದು ಓದಿ ಮೊಬೈಲ್ ಕೆಳಗಿಟ್ಟೆ. "ಐದು ನಿಮಿಷ, ಈ ಕಾಲ್ ಮುಗಿಸಿ ಬರ್ತೀನಿ" ಅಂತ ಮಗನಿಗೆ ದಿನಾ ಹೇಳುವವನು ನಾನೇ. ಆ ಐದು ನಿಮಿಷ ಮುಗಿಯುವಷ್ಟರಲ್ಲಿ ಅವನು ನಿದ್ದೆ ಮಾಡಿರುತ್ತಾನೆ.

ಬಿಎ ವಿದ್ಯಾರ್ಥಿನಿ, ದಾವಣಗೆರೆ:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ಚರ್ಚೆ ಆಯಿತು. ಒಂದು ಗಂಟೆಯ ತರಗತಿ ಎರಡು ಗಂಟೆ ನಡೆಯಿತು. ಅಂಗನವಾಡಿ ಅಕ್ಕ ಬರೆದದ್ದನ್ನು ಅವರ ಊರು ಹೇಳದೆ ಓದಿದೆ. ಹಿಂದಿನ ಬೆಂಚಿನಲ್ಲಿ ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ ಎದ್ದು ನಿಂತ. ಅಪ್ಪ ಕಟ್ಟಡ ಕೆಲಸಕ್ಕೆ ಬೇರೆ ಊರಿಗೆ ಹೋಗುತ್ತಾರಂತೆ. ಯುಗಾದಿಗೆ ಬರ್ತೀನಿ ಅಂತ ಹೇಳಿ ಮೂರು ವರ್ಷ ಬರಲಿಲ್ಲವಂತೆ. "ಈಗ ಅವರು ಫೋನ್ ಮಾಡಿದರೆ ಯಾವಾಗ ಬರ್ತೀಯ ಅಂತ ನಾನು ಕೇಳೋದೇ ಇಲ್ಲ" ಅಂದ. ಮೇಡಂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೊದಲನೇ ಪ್ರಶ್ನೆಯನ್ನು ಹಲಗೆಯಿಂದ ಅಳಿಸಿ, ಬೇರೆ ಬರೆದರು: ಆ ಮಗು ಯಾರ ಮಾತಿಗಾಗಿ ಕಾಯುತ್ತಿತ್ತು?

ಅಕ್ಕಾ, ನಿಮಗೆ ಒಂದು ಪ್ರಶ್ನೆ. ತರಗತಿಯಲ್ಲಿ ಎಲ್ಲರೂ ಕೇಳಿದರು. ಆ ಮಕ್ಕಳು ಈಗ ಹೇಗಿದ್ದಾರೆ? ಮೊಟ್ಟೆ ಹೇಗೆ ತಿನ್ನುತ್ತಾರೆ?

ಅಂಗನವಾಡಿ ಕಾರ್ಯಕರ್ತೆ, ರಾಯಚೂರು ಜಿಲ್ಲೆ:

ಮೊದಲಿನ ಹಾಗೆ ಆಗಲು ಎರಡು ತಿಂಗಳು ಹಿಡಿಯಿತಮ್ಮ. ನಾನು ಎರಡು ಕೊಡ್ತೀನಿ, ಮೂರು ಕೊಡ್ತೀನಿ ಅನ್ನುವುದನ್ನು ಬಿಟ್ಟೆ. ಮೊಟ್ಟೆ ಬಂದ ದಿನ ಬೇಯಿಸುವ ಮುಂಚೆಯೇ ಬುಟ್ಟಿಯನ್ನು ಮಕ್ಕಳ ಮಧ್ಯೆ ಇಟ್ಟು ಎಣಿಸುತ್ತೇನೆ. ಮಕ್ಕಳೂ ಜೊತೆಗೆ ಎಣಿಸುತ್ತಾರೆ. ಇಪ್ಪತ್ತಮೂರು ಮಕ್ಕಳು, ಇಪ್ಪತ್ತಮೂರು ಮೊಟ್ಟೆ. ಬರದಿದ್ದ ದಿನ ಖಾಲಿ ಬುಟ್ಟಿಯನ್ನೇ ತೋರಿಸುತ್ತೇನೆ.

ಈಗ ಮತ್ತೆ ಹಳದಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಒಬ್ಬರಿಗೊಬ್ಬರು ತೋರಿಸುತ್ತಾರೆ. ಗಂಟಲಿಗೆ ಸಿಕ್ಕಿಕೊಂಡಿದ್ದ ಹುಡುಗಿ ಮಾತ್ರ ಇನ್ನೂ ಇಡೀ ಬಾಯಿಗೆ ಹಾಕಿಕೊಳ್ಳಲು ಹೋಗುತ್ತಾಳೆ. ಅವಳಿಗೆ ಅರ್ಧ ಮಾಡಿ ಕೊಡುತ್ತೇನೆ. ಇನ್ನರ್ಧವನ್ನು ಅವಳ ತಟ್ಟೆಯಲ್ಲೇ, ಅವಳ ಕಣ್ಣೆದುರಿಗೇ ಇಟ್ಟು ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ ಮೊದಲನೇ ಅರ್ಧ ಮುಗಿಸಿ, ಎರಡನೆಯದನ್ನು ಮುಟ್ಟದೆ, ನೀರು ಕುಡಿದು ಬರ್ತೀನಿ ಅಂತ ಎದ್ದು ಹೋದಳು. ಅವಳು ಬರುವವರೆಗೆ ನಾನು ಆ ತಟ್ಟೆಯ ಹತ್ತಿರವೇ ಕೂತಿದ್ದೆ.